ನೀರಿಳಿದಲ್ಲೆಲ್ಲ ಹೂವು

"ಅಲ್ಲಾಡಬೇಡಿ! ಆ ಕೊಂಬೆ ಬಿಡಬೇಡಿ... ಅಲ್ಲ ಅಲ್ಲ, ಬಿಡಿ! ಮೆಲ್ಲಗೆ ಬಿಡಿ!"

ಬೆನ್ನ ಹಿಂದಿನಿಂದ ಬಂದ ಗಂಡುದನಿಗೆ ಚುಕ್ಕಿಯ ಎದೆ ಧಸಕ್ಕೆಂದಿತು.

ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಹೋಗಿದ್ದಳು ಅವಳು. ಆಸರೆಗೆ ಸಿಕ್ಕಿದ್ದು ಒಂದೇ ಒಂದು ಬಾಗಿದ ಕೊಂಬೆ. ಈಗ ಅದನ್ನೂ ಬಿಡಬೇಕಂತೆ!

"ಬಿಟ್ರೆ ಮುಳುಗ್ತೀನಿ ರೀ!"

"ಬಿಡದೇ ಇದ್ರೆ ಅವು ಏಳ್ತಾವೆ. ಮೇಲೆ ನೋಡಿ... ತಲೆ ಎತ್ತಬೇಡಿ, ಕಣ್ಣು ಮಾತ್ರ."

ಚುಕ್ಕಿ ಕಣ್ಣೆತ್ತಿದಳು. ಅವಳ ನೆತ್ತಿಯಿಂದ ಒಂದು ಗೇಣು ಮೇಲೆ, ಅದೇ ಕೊಂಬೆಯಿಂದ, ಕುಂಬಳಕಾಯಿಯಷ್ಟು ದೊಡ್ಡ ಕಂದು ಮುದ್ದೆಯೊಂದು ಜೋತುಬಿದ್ದಿತ್ತು. ಮುದ್ದೆ ಉಸಿರಾಡುತ್ತಿತ್ತು... ಮಿನುಗುತ್ತಿತ್ತು... ಅಯ್ಯೋ, ಅದು ಪೂರ್ತಿ ಜೇನುಹುಳ!

ಕೈಬೆರಳು ಒಂದೊಂದಾಗಿ ಸಡಿಲವಾದವು. ಕೊಂಬೆ ಬಿಟ್ಟದ್ದೇ ತಡ, ಕೆಸರು ಅವಳನ್ನು ಇನ್ನಷ್ಟು ಒಳಕ್ಕೆಳೆದುಕೊಂಡಿತು.

ಮುಖಕ್ಕೆ ಬಲೆ ಕಟ್ಟಿಕೊಂಡ ಎತ್ತರದ ಆಳೊಬ್ಬ ನೀರು ಕದಡದಂತೆ ಹೆಜ್ಜೆಯಿಡುತ್ತ ಬಂದ. ಮರದ ಪೆಟ್ಟಿಗೆಯೊಂದನ್ನು ಮುದ್ದೆಯ ಕೆಳಗೆ ಹಿಡಿದು ಕೊಂಬೆಯನ್ನು ಒಮ್ಮೆ ಜಾಡಿಸಿದ. ಇಡೀ ಮುದ್ದೆ ಧೊಪ್ಪೆಂದು ಒಳಗೆ ಬಿತ್ತು. ಹೊರಗುಳಿದವನ್ನು ಬರಿಗೈಯಲ್ಲಿ ಸವರಿ ಸವರಿ ಒಳಗೆ ಸೇರಿಸಿದ... ತೊಟ್ಟಿಲಿಗೆ ಮಗು ಮಲಗಿಸುವವನ ಹಾಗೆ!

ಆಮೇಲಷ್ಟೇ ಅವನಿಗೆ ಚುಕ್ಕಿಯ ನೆನಪಾದದ್ದು.

"ಕೈ ಕೊಡಿ."

ಅವನು ಎಳೆದ. ಅವಳು ಬಂದಳು. ಬಲಗಾಲಿನ ಬೂಟು ಬರಲಿಲ್ಲ.

"ಇಷ್ಟೊಂದು ಹುಳ ಕಚ್ಚಿದ್ದಿದ್ರೆ ನಾನು ಸತ್ತೇಹೋಗ್ತಿದ್ದೆ ಅಲ್ವಾ?" ದಿಬ್ಬದ ಮೇಲೆ ಕೂತು ಏದುಸಿರು ಬಿಡುತ್ತ ಕೇಳಿದಳು.

"ಇಲ್ಲಪ್ಪ. ಹೊಸ ಮನೆ ಹುಡುಕಿಕೊಂಡು ಹೊರಟ ಹುಳ ಅಷ್ಟು ಸುಲಭಕ್ಕೆ ಕಚ್ಚಲ್ಲ."

"ಮತ್ತೆ ನನ್ನನ್ನ ಯಾಕೆ ಹಾಗೆ ಹೆದರಿಸಿದ್ರಿ?!"

"ಹೆದರಿದ್ದು ನಾನು," ಎಂದ ಅವನು ಬಲೆ ತೆಗೆಯುತ್ತ. "ನೀವು ಕೊಂಬೆ ಮುರಿದಿದ್ರೆ ಒಂದು ಸಂಸಾರಾನೇ ನೀರುಪಾಲಾಗ್ತಿತ್ತು."

ಬಿಸಿಲಿಗೆ ಕಂದಿದ ಮುಖ, ಎರಡು ದಿನದ ಗಡ್ಡ, ಸದಾ ಅರ್ಧ ಮುಚ್ಚಿದಂತಿರುವ ಕಣ್ಣು. ಎಂಥ ಮನುಷ್ಯ ಇವನು! ನಾನು ಮುಳುಗ್ತಿದ್ರೆ ಇವನಿಗೆ ಹುಳದ ಚಿಂತೆ... ಎಂದುಕೊಂಡು ಬಾಯ್ತುಂಬ ಬೈಯಲು ಎದ್ದು ನಿಂತಳು.

ಬೈಗುಳ ಬಾಯಲ್ಲೇ ಉಳಿಯಿತು.

ದಿಬ್ಬದ ಆಚೆ... ನೀಲಿ.

ಕಣ್ಣು ಹರಿಯುವಷ್ಟು ದೂರ ನೀಲಿ! ನದಿ ಹಿಂದೆ ಸರಿದು ಬಿಟ್ಟುಹೋದ ಕಪ್ಪು ಮಣ್ಣಿನ ಮೇಲೆ, ಮಣ್ಣು ಕಾಣದಂತೆ ಹೂವು. ಒಂದೊಂದೂ ಅವಳ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಮಧ್ಯದಲ್ಲಿ ಹಳದಿಯ ಒಂದು ಹನಿ. ಗಾಳಿ ಬೀಸಿದಾಗ ಅಷ್ಟೂ ಹೂಗಳು ಒಟ್ಟಿಗೆ ಬಾಗಿ ತಿಳಿಬಣ್ಣದ ಬೆನ್ನು ತೋರಿಸುತ್ತಿದ್ದವು. ನೀರೇ ಇಲ್ಲದ ಕಡೆ ಅಲೆ ಎದ್ದು ದಡಕ್ಕೆ ಬಂದಂತೆ!

ಅವಳ ಅಮ್ಮ ಹೇಳುತ್ತಿದ್ದದ್ದು ಇದೇ ಇರಬೇಕು. ಹೊಳೆ ಜೋರಾಗಿ ಉಕ್ಕಿ, ತಡವಾಗಿ ಇಳಿದ ವರ್ಷ ಮಾತ್ರ ಕಾಣುತ್ತೆ ಕಂದಾ, ಕಂಡವರು ಮಾತು ಮರೀತಾರೆ. ಅಮ್ಮ ತೀರಿಕೊಂಡ ಮೇಲೆ ಪ್ರತಿ ವರ್ಷ ನೀರಿಳಿಯುವ ಹೊತ್ತಿಗೆ ಚುಕ್ಕಿ ಈ ತಗ್ಗುಭೂಮಿಗೆ ಬಂದು ಹುಡುಕುತ್ತಿದ್ದಳು. ಅಲ್ಲೊಂದು ಇಲ್ಲೊಂದು ಹೂವು ಕಂಡದ್ದಿತ್ತು. ಹೀಗೆ ಕಂಡಿರಲಿಲ್ಲ.

ಒಂದೇ ಕಾಲಿನಲ್ಲಿ ಬೂಟು, ಮೈಯೆಲ್ಲ ಕೆಸರು... ಅವಳು ಅಲ್ಲಿಯೇ ನಿಂತು ಅತ್ತುಬಿಟ್ಟಳು.

ಜೇನಿನವನು ಸ್ವಲ್ಪ ದೂರ ಹೋಗಿ, ಬೆನ್ನು ತಿರುಗಿಸಿ, ಅವಳ ಅಳು ಮುಗಿಯುವವರೆಗೆ ಕಾದ.

"ಆ ತುದೀಲಿ ನೋಡಿ," ಕಣ್ಣೊರೆಸಿಕೊಂಡು ಅವಳು ಬೆರಳು ತೋರಿಸಿದಳು. "ನೀಲಿ ನಡುವೆ ಬಿಳಿ ಕೊಕ್ಕರೆ ನಿಂತಿದೆ! ಎಷ್ಟು ಚೆನ್ನಾಗಿದೆ!"

"ಎಲ್ಲಿ?"

"ಅಲ್ಲೇ ರೀ... ಆ ಮೋಟುಮರದ ಪಕ್ಕ."

"ಮರ ಎಲ್ಲಿದೆ?"

ಚುಕ್ಕಿ ಥಟ್ಟನೆ ಅವನತ್ತ ತಿರುಗಿದಳು. ಅವನು ಕಣ್ಣು ಕಿರಿದು ಮಾಡಿ ಎತ್ತಲೋ ನೋಡುತ್ತಿದ್ದ.

"ನಿಮಗೆ ಏನು ಕಾಣ್ತಿದೆ, ನಿಜ ಹೇಳಿ."

"ನೀಲಿ. ಬಟ್ಟೆ ಹಾಸಿದ ಹಾಗೆ." ಅವನು ಭುಜ ಕುಣಿಸಿದ. "ಹತ್ತಿರ ಬಗ್ಗಿ ನೋಡಿದ್ರೆ ಹೂವು, ದೂರ ನೋಡಿದ್ರೆ ಬಣ್ಣ. ದೂರ ಇರೋದೆಲ್ಲ ಹಾಗೇ ಅಲ್ವಾ ಕಾಣೋದು?"

ಹೂವನ್ನೇ ನಂಬಿ ಬದುಕುವ ಮನುಷ್ಯ... ಇಷ್ಟು ವರ್ಷ ಹೂಬಯಲನ್ನು ನೋಡಿಯೇ ಇಲ್ಲ!

"ನಾಳೆ ಪೇಟೆಗೆ ಬನ್ನಿ. ಗಡಿಯಾರದ ವೃತ್ತದ ಪಕ್ಕ ಕನ್ನಡಕದ ಅಂಗಡಿ. ಅದು ನಂದೇ."

* * *

ಮರುದಿನ ಬರಲಿಲ್ಲ ಅವನು. ಅದರ ಮರುದಿನವೂ ಬರಲಿಲ್ಲ. ಬರದಿದ್ದರೆ ನನಗೇನು? ಎಂದುಕೊಳ್ಳುತ್ತಲೇ ಚುಕ್ಕಿ ಬಾಗಿಲ ಗಂಟೆ ಸದ್ದಾದಾಗಲೆಲ್ಲ ತಲೆಯೆತ್ತಿದಳು.

"ಯಾರಿಗೆ ಕಾಯ್ತಿದ್ದೀಯೇ?" ಗಲ್ಲಾಪೆಟ್ಟಿಗೆಯ ಹಿಂದೆ ಚಹಾ ಹೀರುತ್ತ ಕೂತಿದ್ದ ದೊಡ್ಡಮ್ಮ ಕೇಳಿದರು.

"ಯಾರಿಗೂ ಇಲ್ಲ!"

"ಓಹೋ... ಹಾಗಾದ್ರೆ ಆ ಯಾರೂ ಅಲ್ಲದವರು ಯಾವಾಗ ಬರ್ತಾರಂತೆ?"

ಚುಕ್ಕಿಯನ್ನು ಸಾಕಿದ್ದು ಈ ದೊಡ್ಡಮ್ಮನೇ. ಗಲ್ಲದ ಮೇಲಿನ ಪುಟ್ಟ ಮಚ್ಚೆ ನೋಡಿ ಚುಕ್ಕಿ ಎಂದು ಕರೆದದ್ದೂ ಅವರೇ. ಕೆಲಸದ ಕಾಲವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಜೋಡಿಸುತ್ತ ಕಳೆದವರು. ನಿವೃತ್ತಿಯಾದರೂ ಚಾಳಿ ಬಿಟ್ಟಿರಲಿಲ್ಲ. ಬೆಳಗಿನ ವಾಕಿಂಗ್ ಗುಂಪಿನ ಸುದ್ದಿಗಳೆಲ್ಲ ಅವರ ಫೋನಿನ ಮೂಲಕವೇ ಊರಿಗೆ ದಾಟುತ್ತಿದ್ದವು.

ಮೂರನೆಯ ದಿನ ಗಂಟೆ ಸದ್ದಾಯಿತು. ತೊಳೆದ ಅಂಗಿ, ಬಾಚಿದ ಕೂದಲು. ಒಳಗೆ ಬರುತ್ತಲೇ ಅಂಗಡಿಯ ತುಂಬ ಹೊಗೆ ಮತ್ತು ಮೇಣದ ವಾಸನೆ ಹರಡಿತು.

"ಹುಳಗಳನ್ನ ಬಿಟ್ಟು ಬರೋಕೆ ಆಗ್ಲಿಲ್ಲ," ಎಂದ ತಲೆ ತಗ್ಗಿಸಿ.

ಪರೀಕ್ಷೆಯ ಕಿರುಕೋಣೆಯಲ್ಲಿ ಅವನ ಮೊಣಕಾಲು ಗೋಡೆಗೆ ತಾಗುತ್ತಿತ್ತು. ಚುಕ್ಕಿ ದೀಪ ಆರಿಸಿ, ಪುಟ್ಟ ಬೆಳಕನ್ನು ಅವನ ಕಣ್ಣಿಗೆ ಹಿಡಿದು ಬಾಗಿದಳು. ದಿನವೂ ಎಷ್ಟೋ ಜನರ ಕಣ್ಣಲ್ಲಿ ಹೀಗೆ ಇಣುಕುತ್ತಿದ್ದಳು. ಎಂದೂ ತನ್ನ ಉಸಿರಿನ ಸದ್ದು ತನಗೆ ಕೇಳಿರಲಿಲ್ಲ. ಇವತ್ತು ಕೇಳಿತು!

ಜೇನಿನ ಬಣ್ಣದ್ದೇ ಕಣ್ಣು... ಛೆ, ನನ್ನ ತಲೆ!

"ಈ ಗಾಜು ಚೆನ್ನಾಗಿದೆಯಾ... ಇದಾ?"

"ಮೊದಲಿನದು."

"ಈಗ?"

"ಈಗ... ನಿಮ್ಮ ಗಲ್ಲದ ಮೇಲೆ ಒಂದು ಚುಕ್ಕಿ ಇದೆ."

"ಗೋಡೆ ಮೇಲಿನ ಅಕ್ಷರ ನೋಡಿ ಸ್ವಾಮಿ!"

ಹೊರಗೆ ದೊಡ್ಡಮ್ಮ ಚಹಾ ನೆತ್ತಿಗೇರಿದವರಂತೆ ಕೆಮ್ಮಿದರು.

ಕನ್ನಡಕ ಸಿದ್ಧವಾದಾಗ ಅವನಿಗೆ ಫೋನ್ ಮಾಡಿ ಕರೆಸಬಹುದಿತ್ತು. ಚುಕ್ಕಿ ಕರೆಸಲಿಲ್ಲ. ಅಂಗಡಿಗೆ ಬೀಗ ಹಾಕಿ ತಾನೇ ಬಸ್ಸು ಹತ್ತಿದಳು.

ದಿಬ್ಬದ ಬಳಿ, ಬಾಡಿಗೆ ಚಾಲಕ ಬಿಟ್ಟುಹೋದ ಅವನ ಲಾರಿ ನಿಂತಿತ್ತು. ಜೇನುಪೆಟ್ಟಿಗೆಗಳು ಸಾಲಾಗಿ ಕೆಳಗಿಳಿದಿದ್ದವು.

"ಕೆಳಗೆ ಬೇಡ. ಮೇಲೆ ಹತ್ತೋಣ," ಎಂದಳು. ಇಬ್ಬರೂ ಲಾರಿಯ ನೆತ್ತಿಗೇರಿದರು. ಅಷ್ಟು ಎತ್ತರದಿಂದ ನೀಲಿ ಇನ್ನೂ ದೂರ ಹಬ್ಬಿತ್ತು, ನದಿಯ ತಿರುವು ದಾಟಿ, ಬೆಳಕು ಮಸುಕಾಗುವ ಕಡೆಯವರೆಗೆ.

"ಕಣ್ಣು ಮುಚ್ಚಿ."

ಅವಳೇ ಕನ್ನಡಕ ತೊಡಿಸಿದಳು. ಕಿವಿಯ ಹಿಂದೆ ಕಡ್ಡಿ ಸರಿಮಾಡಿದಳು.

"ಈಗ ತೆಗೀರಿ."

ಅವನು ಕಣ್ಣು ತೆರೆದ.

ಅವನ ಕೈ ತನ್ನಷ್ಟಕ್ಕೆ ತಾನೇ ಲಾರಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿಯಿತು, ಬಿದ್ದುಬಿಡುತ್ತೇನೆ ಎನ್ನುವವರ ಹಾಗೆ.

"ಇವೆಲ್ಲ..." ದನಿ ಒಡೆಯಿತು. "ಆ ಕೊನೆವರೆಗೂ... ಒಂದೊಂದೂ ಬೇರೆ ಬೇರೆ ಹೂವಾ?"

"ಹೂಂ."

"ಅಲ್ಲೊಂದು ಅಲ್ಲಾಡ್ತಿದೆ. ಹುಳ ಕೂತಿದೆ ಅದರ ಮೇಲೆ! ನನ್ನ ಹುಳಗಳು ಅಷ್ಟು ದೂರ ಹೋಗ್ತಾವಾ?" ಅವನು ಮಗುವಿನಂತೆ ಅತ್ತ ಇತ್ತ ತಿರುಗಿದ. "ಆ ಗೆರೆ ಏನದು?"

"ಬೆಟ್ಟ."

"ಅಲ್ಲಿ ಬೆಟ್ಟ ಇದೆಯಾ?!"

ಚುಕ್ಕಿ ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣೂ ತುಂಬಿತು. ತಾನು ಮೊದಲ ಸಲ ಕಂಡಾಗಲೂ ಇಷ್ಟು ಬೆರಗಾಗಿರಲಿಲ್ಲ. ಅವನ ಬೆರಗಿನ ಮೂಲಕ ನೋಡಿದರೆ ಬಯಲು ಈಗ ತಾನೇ ಹುಟ್ಟಿದಂತಿತ್ತು. ಸಂಭ್ರಮ ತಡೆಯಲಾರದೆ ಫೋನು ತೆಗೆದು ಒಂದು ಫೋಟೋ ಹೊಡೆದಳು. 'ದೊಡ್ಡಮ್ಮಾ, ನೋಡು!! ಅಮ್ಮ ಹೇಳ್ತಿದ್ದ ಹೂವು! ಇಲ್ಲಿದ್ದೀನಿ, ಚಿಂತೆ ಮಾಡಬೇಡ' ಎಂದು ಬರೆದು, ಜಾಗದ ಗುರುತನ್ನೂ ಸೇರಿಸಿ ಕಳಿಸಿ, ಫೋನನ್ನು ಚೀಲಕ್ಕೆ ತುರುಕಿದಳು. ಆಮೇಲೆ ಅದರ ನೆನಪೇ ಇಲ್ಲ.

"ಒಂದು ಕೇಳ್ಲಾ?" ಎಂದ ಅವನು. "ಸ್ವಲ್ಪ ದೂರ ಹೋಗಿ ನಿಲ್ತೀರಾ?"

"ಯಾಕೆ?"

"ಅವತ್ತು ನೀವು ಹೊರಟ ತಕ್ಷಣ ಅಳಿಸಿಹೋದ್ರಿ. ಹೋಗೋದನ್ನ ಒಂದು ಸಲ ಪೂರ್ತಿ ನೋಡಬೇಕು ಅನ್ನಿಸ್ತು."

ಚುಕ್ಕಿ ಸುಮ್ಮನೆ ಕೆಳಗಿಳಿದು ದಿಬ್ಬದುದ್ದಕ್ಕೂ ನಡೆದಳು. ಬೆನ್ನಿನ ಮೇಲೆ ಆ ನೋಟ ಬಿಸಿಲಿನಂತೆ ಬಿದ್ದಿತ್ತು. ತುದಿಯಲ್ಲಿ ತಿರುಗಿ ನೋಡಿದಾಗ ಲಾರಿಯ ಮೇಲಿನ ಪುಟ್ಟ ಆಕೃತಿ ಕೈ ಎತ್ತಿತು.

ಅವಳೂ ಎತ್ತಿದಳು. ಅಷ್ಟೇ. ಆದರೆ ವಾಪಸು ನಡೆಯುವಾಗ ಅವಳಿಗೆ ಗೊತ್ತಾಗಿಹೋಗಿತ್ತು.

* * *

ಮುಂದಿನ ಭಾನುವಾರ ಬುತ್ತಿ ಕಟ್ಟಿಕೊಂಡು ಹೋದವಳು ದಿಬ್ಬದ ಕೆಳಗೇ ಕಾಲು ನಿಲ್ಲಿಸಿದಳು.

ಕಾರು. ಕಾರಿನ ಹಿಂದೆ ಕಾರು. ಹಾಡು, ಕೇಕೆ. ಹೂವಿನ ಮೇಲೆ ಮಲಗಿದವರು, ಹೊರಳಾಡಿದವರು, ತೆಕ್ಕೆ ತೆಕ್ಕೆ ಕಿತ್ತು ತಲೆಗೆ ಸುತ್ತಿಕೊಂಡವರು! ನೀಲಿಯ ನಡುವೆ ಅಡ್ಡಾದಿಡ್ಡಿ ಕಪ್ಪು ಗೆರೆಗಳು, ನೀಟಾದ ಬಟ್ಟೆಯನ್ನು ಯಾರೋ ಕತ್ತರಿಯಿಂದ ಸೀಳಿದಂತೆ.

ಅಷ್ಟರಲ್ಲಿ ಚೀರಾಟ ಎದ್ದಿತು. ಯಾರೋ ಜೇನುಪೆಟ್ಟಿಗೆಯ ಮೇಲೆ ಹತ್ತಿ ನಿಲ್ಲಲು ಹೋಗಿ ಅದು ಮಗುಚಿತ್ತು. ಹುಳಗಳು ಎದ್ದಿದ್ದವು. ಜನ ದಿಕ್ಕಾಪಾಲಾಗಿ ಓಡಿದರು. ಉಳಿದ ಹೂವೂ ಕಾಲಡಿಗೆ ಹೋಯಿತು.

ಎಲ್ಲ ತಣ್ಣಗಾದಾಗ ಬಯಲಿನ ಕಾವಲಿನವರು ಬಂದು ಜೇನಿನವನಿಗೆ ಹೇಳಿದ್ದು ಒಂದೇ ಮಾತು. "ಸಂಜೆಯೊಳಗೆ ಲಾರಿ ತೆಗೀಬೇಕು."

ಚುಕ್ಕಿ ತುಳಿದ ಹೂಗಳ ನಡುವೆ ನಿಂತಿದ್ದಳು. ಪಕ್ಕದಲ್ಲಿ ಹೋಗುತ್ತಿದ್ದವಳೊಬ್ಬಳ ಫೋನಿನಲ್ಲಿ ಫೋಟೋ ಕಂಡಿತು. ಅಡ್ಡಡ್ಡ ಬಣ್ಣದ ಅಕ್ಷರ ಬರೆದ, ಊರೆಲ್ಲ ಸುತ್ತಿದ ಫೋಟೋ. ಎತ್ತರದಿಂದ ತೆಗೆದದ್ದು. ಅಷ್ಟು ಎತ್ತರ ಇಲ್ಲಿ ಇದ್ದದ್ದು ಒಂದೇ... ಆ ಲಾರಿಯ ನೆತ್ತಿ!

ದಾಪುಗಾಲಿಟ್ಟು ಜೇನಿನವನ ಬಳಿ ಹೋದಳು.

"ನಿಮ್ಮ ಜೇನು ಮಾರೋಕೆ ಈ ಜಾಗಾನೇ ಮಾರಿಬಿಟ್ರಲ್ಲ!"

ಮುಖ ಊದಿಕೊಂಡಿದ್ದ ಅವನು ಚದುರಿದ ಜೇನಿನ ಎರಿಗಳನ್ನು ಆಯುತ್ತಿದ್ದ. ತಲೆಯೆತ್ತಿದ.

"ನಾನಲ್ಲ."

"ಸುಳ್ಳು! ಲಾರಿ ಮೇಲೆ ಹತ್ತಿದ್ದು ನಾವಿಬ್ಬರೇ!"

"ಹೌದು," ಎಂದ ಅವನು ಬಹಳ ಮೆಲ್ಲಗೆ. "ಇಬ್ಬರೇ."

ಅವನು ಅವಳನ್ನೇ ನೋಡಿದ. ಇನ್ನೇನೋ ಹೇಳುವನೆಂದು ಕಾದಳು. ಹೇಳಲಿಲ್ಲ. ಬಾಗಿ ಮತ್ತೆ ಆಯತೊಡಗಿದ.

ಆ ಮೌನವೇ ತಪ್ಪೊಪ್ಪಿಗೆ ಅಂದುಕೊಂಡಳು ಚುಕ್ಕಿ. ಬಸ್ಸಿನಲ್ಲಿ ಕೂತು, ಹಲ್ಲು ಕಚ್ಚಿ, ಅವನ ನಂಬರನ್ನು ಫೋನಿನಿಂದ ಅಳಿಸಿಹಾಕಿದಳು. ಮುಗೀತು!

ಮುಗಿದಿರಲಿಲ್ಲ.

ಆ ವಾರವೇ ವಾಕಿಂಗ್ ಗುಂಪಿನ ಹೆಂಗಸೊಬ್ಬರು ಅಂಗಡಿಗೆ ಬಂದರು. ಹೊಸ ಕನ್ನಡಕ ಹಾಕಿಕೊಂಡು, ಸರಿಯಾಗಿ ಕಾಣುತ್ತದೆಯೋ ಎಂದು ನೋಡಲು ಫೋನು ತೆರೆದರು.

"ಆಹಾ, ಈ ಹೂವಿನ ಫೋಟೋ ಈಗ ಎಷ್ಟು ಚೆಂದ ಕಾಣ್ತಿದೆ! ನಿಮ್ಮ ದೊಡ್ಡಮ್ಮನೇ ಕಳಿಸಿದ್ದು ನೋಡಿ, ಮೊಟ್ಟಮೊದಲು."

ಚುಕ್ಕಿ ಫೋನನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಫೋಟೋದ ಮೂಲೆಯಲ್ಲಿ ಗಾಳಿಗೆ ಹಾರಿದ ಹಸಿರು ಶಾಲಿನ ತುದಿ. ಅವಳದೇ ಶಾಲು. ಅವಳೇ ತೆಗೆದ ಫೋಟೋ. ಅವಳೇ ಕಳಿಸಿದ ಗುರುತು...

ಸಂಜೆ ಮನೆಯಲ್ಲಿ ದೊಡ್ಡಮ್ಮನ ಮುಂದೆ ಅದೇ ಫೋಟೋ ಹಿಡಿದಳು.

"ನಾನು ಗುಂಪಿಗೆ ಮಾತ್ರ ಹಾಕಿದ್ದು ಕಣೇ," ದೊಡ್ಡಮ್ಮನ ಮುಖ ಚಿಕ್ಕದಾಗಿತ್ತು. "ಅವರು ಅವರವರಿಗೆ... ಹಿಂಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಸಂತೋಷದ ಸುದ್ದಿ ಬಂದ್ರೆ ದಾಟಿಸದೇ ಇರೋಕೆ ನನ್ನ ಕೈಲಿ ಆಗಲ್ಲ."

"ನಿನ್ನದಲ್ಲ ದೊಡ್ಡಮ್ಮ, ತಪ್ಪು ನಂದು. ನಾನು... ಅವರಿಗೆ ಏನೇನೋ ಅಂದುಬಿಟ್ಟೆ."

"ಫೋನ್ ಮಾಡು, ಕ್ಷಮೆ ಕೇಳು."

"ನಂಬರ್ ಅಳಿಸಿಬಿಟ್ಟೆ."

ದೊಡ್ಡಮ್ಮ ಹಣೆ ಚಚ್ಚಿಕೊಂಡರು. "ನಾನು ಊರೆಲ್ಲ ಜೋಡಿಸಿದೆ, ನೀನು ಇದ್ದೊಂದು ತಂತೀನೂ ಕತ್ತರಿಸಿದೆ!"

* * *

ಮೊದಲು ಕಾವಲು ಕಚೇರಿಗೆ ಹೋದಳು ಚುಕ್ಕಿ. ಜಾಗದ ಸುದ್ದಿ ಹರಡಿದ್ದು ನಾನು, ಜೇನಿನವರಲ್ಲ ಎಂದಳು. ಮೇಜಿನ ಹಿಂದಿದ್ದ ಅಧಿಕಾರಿ ಚೆನ್ನಾಗಿಯೇ ಬೈದರು. ಬೈಸಿಕೊಂಡಳು. ದಿಬ್ಬದ ಅಂಚಿಗೆ ಹಗ್ಗ ಕಟ್ಟಿ, ಭಾನುವಾರಗಳಲ್ಲಿ ನಿಂತು ಜನರಿಗೆ ತಿಳಿಹೇಳಲು ಆಳುಗಳಿಲ್ಲ ಎಂದರು. ದೊಡ್ಡಮ್ಮನ ವಾಕಿಂಗ್ ಗುಂಪು ಆ ಕೆಲಸ ಹೊತ್ತಿತು. ಕತ್ತಿಗೆ ಸೀಟಿ ನೇತುಹಾಕಿಕೊಂಡ ಹೆಂಗಸರನ್ನು ದಾಟಿ ಹೂವಿಗೆ ಕಾಲಿಡುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ!

ಆದರೆ ಅವನು? ಅವನನ್ನು ಎಲ್ಲಿ ಹುಡುಕುವುದು?

ಅವನೇ ಒಮ್ಮೆ ಹೇಳಿದ್ದ. ನೀರು ಕೆಳಗೆ ಇಳಿದ ಹಾಗೆ ಹೂವೂ ಇಳಿಯುತ್ತೆ. ಹೂವಿನ ಹಿಂದೆ ನನ್ನ ಹುಳ, ಹುಳದ ಹಿಂದೆ ನಾನು.

ಹಾಗಾದರೆ ಅವನ ವಿಳಾಸ ಹೂವೇ.

ನದಿಯ ಕೆಳದಿಕ್ಕಿನ ಬಸ್ಸು ಹಿಡಿದಳು. ಕಿಟಕಿ ಪಕ್ಕ ದೊಡ್ಡಮ್ಮ, ಬೇಡವೆಂದರೂ ಕೇಳದೆ ಹೊರಟವರು. ಹಳೆಯ ದೋಣಿಗಟ್ಟೆಯ ಬಳಿ ಇಳಿದು ದಡ ಹತ್ತಿದ್ದೇ, ಇಬ್ಬರೂ ಒಟ್ಟಿಗೆ "ಅಬ್ಬಾ!" ಎಂದರು.

ಹಳದಿ! ಜೌಗಿನ ನೀರಿನಿಂದ ಸೊಂಟದೆತ್ತರ ಎದ್ದು ನಿಂತ ಹಳದಿ ಬಟ್ಟಲುಗಳು. ಎಷ್ಟು ಹೊಳಪೆಂದರೆ ದೊಡ್ಡಮ್ಮನ ಬಿಳಿಕೂದಲೂ, ಗಲ್ಲದ ಸುಕ್ಕುಗಳೂ ಬಂಗಾರದ ಬಣ್ಣಕ್ಕೆ ತಿರುಗಿದವು. ನೆಲದಿಂದಲೇ ಬೆಳಗಾಗುತ್ತಿತ್ತು.

ದೊಡ್ಡಮ್ಮ ಅಭ್ಯಾಸದಂತೆ ಫೋನು ಹೊರತೆಗೆದರು. ಪರದೆಯನ್ನು ನೋಡಿದರು. ಬಯಲನ್ನು ನೋಡಿದರು. ಮತ್ತೆ ಪರದೆಯನ್ನು.

"ಇದರಲ್ಲಿ ಅಂಗೈಯಷ್ಟೇ ಬರುತ್ತಲ್ಲೇ..." ಎಂದರು. ಫೋನು ಚೀಲಕ್ಕೆ ಹೋಯಿತು. "ನಿಮ್ಮಮ್ಮ ಬಾ ಬಾ ಅಂತ ಎಷ್ಟು ಕರೀತಿದ್ಲು. ನಾನೇ, ಹೂವಲ್ಲಿ ಏನಿದೆ ನೋಡೋಕೆ ಅಂತಿದ್ದೆ."

ತಂಗಿಯನ್ನು ನೆನೆದು ಕಣ್ಣೊರೆಸಿಕೊಂಡ ಆ ಹಿರಿಯ ಕೈಯನ್ನು ಚುಕ್ಕಿ ಹಿಡಿದುಕೊಂಡಳು. ತುಸು ಹೊತ್ತು ಯಾಕೆ ಬಂದೆವೆಂಬುದೂ ಮರೆತುಹೋಯಿತು.

"ಪೆಟ್ಟಿಗೆ ಲಾರಿಯವನಾ?" ದೋಣಿ ನಡೆಸುವ ಹೆಂಗಸು ಹುಟ್ಟು ಒರಗಿಸಿಟ್ಟು ಹೇಳಿದಳು. "ಇದ್ನಲ್ಲ, ಮೊನ್ನೆವರೆಗೂ. ಮುಖ ಸೊಟ್ಟ ಮಾಡ್ಕೊಂಡು ಕೂತಿರ್ತಿದ್ದ. ಹಳದೀಲಿ ಜೇನು ಕಡಿಮೆಯಾಯ್ತಂತೆ, ಅಳಿವೆ ಕಡೆ ಹೋದ. ಅಲ್ಲಿ ಬಿಳಿ ಏಳೋ ಕಾಲ."

"ಅಳಿವೆಗೆ ಎಷ್ಟು ದೂರ ಅಕ್ಕಾ?"

"ಈಗ ಹೊರಟ್ರೆ ಸಂಜೆಗೆ ಸೇರ್ತೀಯ. ಆದ್ರೆ ನೋಡೋದಿದ್ರೆ ಬೆಳಿಗ್ಗೆ ನೋಡಬೇಕಮ್ಮ, ಸೂರ್ಯ ಬರೋ ಹೊತ್ತಲ್ಲಿ."

"ನೀನು ಹೋಗು," ದೊಡ್ಡಮ್ಮ ಕಟ್ಟೆಯ ಮೇಲೆ ಆರಾಮವಾಗಿ ಕಾಲು ಚಾಚಿದರು. "ನಾನು ಇದನ್ನ ಇನ್ನೂ ನೋಡಿ ಮುಗಿಸಿಲ್ಲ. ಸಂಜೆ ಬಸ್ಸಿಗೆ ಮನೆಗೆ ಹೋಗ್ತೀನಿ. ನನ್ನ ಕೈಲಿ ಏನೇನು ಮುರೀತೋ ಅದನ್ನ ನೀನು ಜೋಡಿಸ್ಕೊಂಡು ಬಾ."

* * *

ಅಳಿವೆಯ ಊರಿನ ತಂಗುಮನೆಯಲ್ಲಿ ಚುಕ್ಕಿಗೆ ನಿದ್ದೆ ಹತ್ತಲಿಲ್ಲ. ಮಾತಾಡಿಸದೇ ಹೋದರೆ? ಮುಖ ತಿರುಗಿಸಿದರೆ? ಬೆಳಕು ಬಿರಿಯುವ ಮೊದಲೇ ಹೊರಟಳು. ನದಿ ಕಡಲು ಸೇರುವ ಕಡೆ ನೀರು ಅಗಲವಾಗಿ, ಆಳವಿಲ್ಲದೆ ನಿಂತಿತ್ತು. ಎತ್ತ ನೋಡಿದರೂ ಹಸಿರು ಎಲೆಯ ತಟ್ಟೆಗಳು, ನಡುವೆ ಮುಚ್ಚಿದ ಮೊಗ್ಗು. ಹೂವಿಲ್ಲ. ತಡವಾಗಿ ಬಂದೆನೋ... ಬೇಗ ಬಂದೆನೋ...

ದಡದಲ್ಲಿ ಪೆಟ್ಟಿಗೆಗಳ ಸಾಲು ಕಂಡಿತು.

ನೀರಿಗೆ ಕಾಲು ಇಳಿಬಿಟ್ಟು ಅವನು ಕೂತಿದ್ದ. ಹೆಜ್ಜೆ ಸದ್ದಿಗೆ ತಿರುಗಿದ. ತಿರುಗಿದವನು ಎದ್ದೇಳಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಬಿಟ್ಟು ಚುಕ್ಕಿ ನೇರವಾಗಿ ವಿಷಯಕ್ಕೇ ಬಂದಳು.

"ಫೋಟೋ... ನಾನೇ ಕಳಿಸಿದ್ದು."

"ಗೊತ್ತು."

"ಗೊತ್ತಿತ್ತಾ?!"

"ನೀವು ಕಳಿಸುವಾಗ ನಾನು ಪಕ್ಕದಲ್ಲೇ ಇದ್ನಲ್ಲ."

ಅವಳಿಗೆ ಮುಖ ಮುಚ್ಚಿಕೊಳ್ಳುವಂತಾಯಿತು. "ಮತ್ತೆ ಯಾಕೆ ಹೇಳ್ಲಿಲ್ಲ? ಅಷ್ಟೆಲ್ಲ ಅಂದೆನಲ್ಲ, ಒಂದು ಮಾತು ತಿರುಗಿಸಿ ಅನ್ನಬಾರದಿತ್ತಾ?"

ಅವನು ನೀರನ್ನು ನೋಡುತ್ತ ಹೇಳಿದ. "ತುಳಿದ ಹೂವಿನ ನಡುವೆ ನಿಂತಿದ್ರಿ ನೀವು. ಅಷ್ಟೂ ಹೋಯ್ತು ಅನ್ನೋ ಮುಖ. ಅದರ ಮೇಲೆ ಇದನ್ನೂ ಹೊರಿಸೋಕೆ ಮನಸ್ಸು ಬರ್ಲಿಲ್ಲ." ಒಂದು ಎಲೆಯನ್ನು ಪಾದದಿಂದ ಸರಿಸಿದ. "ಆಮೇಲೆ ಸಿಟ್ಟು ಬಂತು. ಸುಳ್ಳು ಹೇಳಲ್ಲ, ಬಹಳ ಸಿಟ್ಟು ಬಂತು. ನಾಲ್ಕು ಸಲ ಫೋನ್ ಕೈಗೆ ತಗೊಂಡು ಕೆಳಗಿಟ್ಟೆ."

"ಈಗಲೂ ಇದೆಯಾ... ಸಿಟ್ಟು?"

"ಇದೆ. ಸ್ವಲ್ಪ."

"ಇರಲಿ," ಎಂದಳು ಚುಕ್ಕಿ. ಕಣ್ಣಂಚಿನಿಂದ ನೀರು ಇಳಿಯಿತು. "ಅದು ಹೋಗೋವರೆಗೂ ಇಲ್ಲೇ ಕೂರ್ತೀನಿ. ನೀವು ನಾನಲ್ಲ ಅಂದಾಗ ನಂಬಬೇಕಿತ್ತು. ಒಂದು ಸಲ ಹೇಳಿದ್ರಿ, ಅಷ್ಟು ಸಾಕಿತ್ತು. ನನಗೆ ನಿಮ್ಮ ಮೇಲೆ... ಅದಕ್ಕೇ ಅಷ್ಟು ನೋವಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಬೈದು ಮರೆತುಬಿಡ್ತಿದ್ದೆ."

"ನನ್ನ ಮೇಲೆ ಏನು?"

"ಎಲ್ಲಾನೂ ಬಿಡಿಸಿ ಹೇಳಬೇಕಾ?"

"ಹೇಳಿದ್ರೆ ಸಿಟ್ಟು ಬೇಗ ಹೋಗುತ್ತೆ," ಎಂದ. ತುಟಿಯ ಮೂಲೆಯಲ್ಲಿ ನಗು ಇಣುಕಿತು.

"ಪ್ರೀತಿ!" ಎಂದುಬಿಟ್ಟಳು, ಜೋರಾಗಿ. ಹತ್ತಿರದ ಎಲೆಯ ಮೇಲಿದ್ದ ಹಕ್ಕಿಯೊಂದು ಹಾರಿಹೋಯಿತು.

ಅದೇ ಕ್ಷಣಕ್ಕೆ ಮೂಡಲಲ್ಲಿ ಸೂರ್ಯನ ಅಂಚು ಕಂಡಿತು.

ಬೆಳಕು ನೀರಿನ ಮೇಲೆ ಗೆರೆಯಾಗಿ ಹರಿದುಬಂತು. ಗೆರೆ ತಾಗಿದ ಮೊಗ್ಗು ಒಮ್ಮೆ ನಡುಗಿತು. ಎಸಳು ಸಡಿಲಿಸಿತು. ಬಿಳಿ! ಅದರ ಪಕ್ಕದ್ದು. ಅದರಾಚೆಯದು. ಬೆಳಕು ಮುಂದೆ ಹೋದ ಹಾಗೆ ಹೂವೂ ಮುಂದೆ ಹೋಯಿತು, ಹಸಿರು ನೀರು ನೋಡನೋಡುತ್ತಲೇ ಬೆಳ್ಳಗಾಗುತ್ತ, ಕಡಲಿನ ದಿಕ್ಕಿಗೆ. ಒಂದಿಷ್ಟೂ ಸದ್ದಿಲ್ಲ. ಇಷ್ಟು ದೊಡ್ಡದೊಂದು ನಡೆಯುತ್ತಿದೆ, ಸದ್ದೇ ಇಲ್ಲ! ಪೆಟ್ಟಿಗೆಗಳಿಂದ ಹುಳಗಳು ಒಂದೊಂದಾಗಿ ಹೊರಬಿದ್ದು ಬೆಳಕಿನಲ್ಲಿ ಕಿಡಿಗಳಂತೆ ಹಾರಿದವು.

ಚುಕ್ಕಿಗೆ ತಾನು ಅಳುತ್ತಿದ್ದುದೂ ಮರೆತುಹೋಯಿತು. ಅವನ ಪಕ್ಕದಲ್ಲಿ ಕೂತಳು. ತಣ್ಣನೆಯ ನೀರಿಗೆ ಅವಳ ಪಾದಗಳೂ ಇಳಿದವು. ಯಾವಾಗಲೋ ಅವಳ ಕೈ ಅವನ ಕೈಯೊಳಗೆ ಸೇರಿತ್ತು. ಯಾರು ಮೊದಲು ಹಿಡಿದರೋ ಇಬ್ಬರಿಗೂ ಗೊತ್ತಿಲ್ಲ.

"ಅಲ್ಲಿ ತುಳಿದದ್ದು... ಮತ್ತೆ ಬರುತ್ತಾ?" ಪಿಸುದನಿಯಲ್ಲಿ ಕೇಳಿದಳು.

"ಬೀಜ ಮಣ್ಣಲ್ಲಿದೆ. ಹೊಳೆ ಉಕ್ಕಿದ ವರ್ಷ ಬರುತ್ತೆ. ಕಾಯಬೇಕು."

"ಕಾಯೋಣ."

"ನಾನು ಅರ್ಧ ವರ್ಷ ಹೂವಿನ ಹಿಂದೆ ಇರ್ತೀನಿ. ನಿಮಗೆ ಅಂಗಡಿ ಇದೆ, ದೊಡ್ಡಮ್ಮ ಇದ್ದಾರೆ..."

"ದೊಡ್ಡಮ್ಮನ್ನ ಈಗ ಹಿಡಿಯೋಕಾಗಲ್ಲ. ಮುಂದಿನ ಸಲ ಲಾರೀಲಿ ಮುಂದಿನ ಸೀಟು ಅವರದ್ದೇ ಅಂತೆ."

ಅವನು ನಕ್ಕ. ಮೊದಲ ಸಲ ಅವನು ಬಾಯ್ತುಂಬ ನಕ್ಕದ್ದನ್ನು ಅವಳು ನೋಡಿದ್ದು. ನಗು ನಿಂತ ಮೇಲೆ ಅವಳ ಕಡೆ ವಾಲಿ, ಬಹಳ ಸಂಕೋಚದಿಂದ ಕೇಳಿದ.

"ಚಳಿ ಆಗ್ತಿದೆಯಾ ನಿನಗೆ?"

ನಿನಗೆ! ಇದುವರೆಗೆ ನೀವು ಎನ್ನುತ್ತಿದ್ದವನು ನಿನಗೆ ಎಂದಿದ್ದ. ಅವನಿಗೆ ಗೊತ್ತಾಗಿರಲಿಕ್ಕಿಲ್ಲ. ಗೊತ್ತುಮಾಡಲು ಅವಳೂ ಹೋಗಲಿಲ್ಲ.

"ಆಗ್ತಿದೆ."

"ಹೋಗೋಣ್ವಾ ಹಾಗಾದ್ರೆ?"

ಅವಳು ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. ಬಿಳುಪು ಕಡಲಿನ ಅಂಚಿಗೆ ಇನ್ನೂ ಮುಟ್ಟಿರಲಿಲ್ಲ.

"ತಡಿ... ಇನ್ನೂ ಅರಳ್ತಿದೆ."